ಪದಚರ್ಚೆ: ತಾಂಪೆರೆಯ ‘ತುವೊಮಿಯೊಕಿರ್ಕ್ಕೊ’ಗೆ ಕನ್ನಡದಲ್ಲಿ ಏನೆನ್ನಬೇಕು?

ಫಿನ್‌ಲೆಂಡಿನ ತಾಂಪೆರೆ ಊರಿನಲ್ಲಿ ಬಿಷಪ್ಪರ ಪೀಠವಿರುವ ಚರ್ಚಿಗೆ ಫಿನ್ನಿಷ್ ಭಾಷೆಯಲ್ಲಿ ‘ತುವೊಮಿಯೊಕಿರ್ಕ್ಕೊ’ ಎನ್ನುತ್ತಾರೆ. ಅದನ್ನು ಕಟ್ಟಿಸಿದ ವಾಸ್ತುಶಿಲ್ಪಿ ಲಾರ್ಸ್ ಸೊಂಕ್ (1870–1956) ಕುರಿತ ಪ್ರದರ್ಶನ ಫಲಕಕ್ಕೆ ಇಂದೇ ಅದರ ಕನ್ನಡ ಪದ ಬೇಕೆಂದು ಕೇಳಿದವರು ‘ಪ್ರಧಾನಾಲಯ’ ಎಂದು ಬರೆಯಲಿ. ನಿನ್ನೆ ಇಲ್ಲಿ ಸೂಚಿಸಲಾದ ‘ತೀರ್ಪುಗುಡಿ’ ತಪ್ಪು.

ಫಿನ್ನಿಷ್‌ನಲ್ಲಿ ‘ತುವೊಮಿಯೊ’ ಎಂದರೆ ತೀರ್ಪು, ನಿಜ. ಆದರೆ ಆ ಪದ ಅಲ್ಲಿ ಸೇರಿದ್ದೇ ತಪ್ಪು ಭಾಷಾಂತರದಿಂದ. ಫಿನ್ನಿಷ್ ಹೆಸರಿಗೆ ಮೂಲವಾದ ಸ್ವೀಡಿಷ್ ಹೆಸರಿನಲ್ಲಿರುವ ‘ದೊಮ್’ ಲ್ಯಾಟಿನ್ನಿನ ‘ದೊಮುಸ್’, ಅಂದರೆ ಮನೆ. ಅದೇ ರೂಪದಲ್ಲಿ ತೀರ್ಪು ಎಂಬರ್ಥದ ಇನ್ನೊಂದು ಪದವೂ ಸ್ವೀಡಿಷ್‌ನಲ್ಲಿರುವುದರಿಂದ ಫಿನ್ನಿಷ್ ಆ ಎರಡನೆಯದನ್ನು ಹಿಡಿಯಿತು. ‘ಅರಸುಮನೆತನ’ವನ್ನು ಹುಡುಕುವ ಮನೆತನವೆಂದು ಬಿಡಿಸಿದಂತಾಯಿತು. ಬಳಕೆಯಲ್ಲಿ ಸವೆದು ಅವರಿಗದು ಸರಿಯಾಗಿದೆ, ನಾವು ಆ ಎಡವಟ್ಟನ್ನು ಹೊಸದಾಗಿ ಹೊರಬೇಕಾಗಿಲ್ಲ. ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಪೀಠವಿರುವ ಚರ್ಚಿಗೆ ಕನ್ನಡ ಕಥೋಲಿಕರು ಬಳಸುವ ‘ಪ್ರಧಾನಾಲಯ’ದಲ್ಲಿನ ಆಲಯವು ಆ ‘ದೊಮುಸ್’ಗೆ ತಾನಾಗಿಯೇ ಹೊಂದುತ್ತದೆ, ತಾಂಪೆರೆಯವರು ಕಥೋಲಿಕರಲ್ಲ, ಪ್ರೊಟೆಸ್ಟೆಂಟರಾದ ಲುಥೆರನ್ನರು ಎಂಬುದು ಇದಕ್ಕೆ ಅಡ್ಡಿಯಲ್ಲ, ಏಕೆಂದರೆ ಅಲ್ಲಿಯೂ ಇರುವುದು ಬಿಷಪ್ಪರ ಪೀಠವೇ.

ಆದರೆ ಫಲಕದ ಎಲ್ಲ ಕಡೆಯೂ ಆ ಪದ ಸಲ್ಲದು. ಸೊಂಕ್ 1902ರಿಂದ 1907ರವರೆಗೆ ಕಟ್ಟಿಸಿದ್ದು ಸಂತ ಯೊಹಾನ್ನನ ಹೆಸರಿನ ಚರ್ಚನ್ನು. ಬಿಷಪ್ಪರ ಪೀಠ ಪೊರ್ವೊ ಎಂಬ ಊರಿನಿಂದ ಅಲ್ಲಿಗೆ ಬಂದದ್ದು 1923ರಲ್ಲಿ. ಕಟ್ಟಿದ ಕಾಲವನ್ನು ಹೇಳುವ ವಾಕ್ಯದಲ್ಲಿ ‘ಚರ್ಚು’ ಎಂದೇ ಇರಬೇಕು.

ಫಲಕದ ಕರಡಿನಲ್ಲಿರುವ ‘ಗ್ರಾನೈಟ್ ಗೋಡೆ’ಯನ್ನೂ ತಿದ್ದಬೇಕು. ಆ ಮಾತಿಗೆ ನಮ್ಮ ಓದುಗರ ಕಣ್ಣಮುಂದೆ ಬರುವುದು ಅಡುಗೆಮನೆ ಕಟ್ಟೆಯ ಮೇಲಿನ ಹೊಳಪಿನ ಹಾಸುಗಲ್ಲು. ಸೊಂಕ್‌ನ ಗೋಡೆಯಲ್ಲಿರುವುದು ನಯಮಾಡದ, ಮೈಯೆಲ್ಲ ಉಬ್ಬುತಗ್ಗಾಗಿರುವ ಬೂದುಗಲ್ಲು. ‘ಒರಟು ಗ್ರಾನೈಟ್ ಕಲ್ಲಿನ ಗೋಡೆ’ ಎನ್ನಿ. ಹ್ಯೂಗೊ ಸಿಂಬರ್ಗ್ ಚಿತ್ರಿಸಿದ, ಗುಲಾಬಿಯ ಉದ್ದನೆಯ ಮಾಲೆ ಹೊತ್ತ 12 ಹುಡುಗರು ಸಾಗುವುದು ಒಳಗಿನ ‘ಉಪ್ಪರಿಗೆ’ಯ ಅಂಚಿನಲ್ಲಿ, ‘ಬಾಲ್ಕನಿ’ ಎಂದರೆ ಹೊರಗಿನದೆಂಬ ಭಾವನೆ ಬರುತ್ತದೆ.

‘ಚರ್ಚು’ ಪರಭಾಷೆಯದು, ತೆಗೆಯಿರಿ ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಫಿನ್ನರ ‘ಕಿರ್ಕ್ಕೊ’ ಕೂಡ ಸ್ವೀಡಿಷ್‌ನಿಂದ ಪಡೆದದ್ದು. ಅದಕ್ಕೂ ನಮ್ಮ ‘ಚರ್ಚಿ’ಗೂ ‘ಒಡೆಯನದು’ ಎಂಬರ್ಥದ ಒಂದೇ ಗ್ರೀಕ್ ಬೇರು. ‘ಇಗರ್ಜಿ’ ನನಗೆ ಪ್ರಿಯವಾದ ಪದವೇ, ಆದರೆ ಪೋರ್ಚುಗೀಸರ ಮೂಲಕ ಬಂದ ಅದು ಕರಾವಳಿಯ ಕಥೋಲಿಕರಿಗೆ ಸಲ್ಲುತ್ತದೆ, ಇಲ್ಲಿಗಲ್ಲ.

ಊರ ಹೆಸರು ‘ತಾಂಪೆರೆ’. ಫಿನ್ನಿಷ್‌ನ ತಕಾರ ದಂತ್ಯವಾದುದರಿಂದ, ಇಂಗ್ಲಿಷ್ ಬಾಯಿಯ ‘ಟ್ಯಾಂಪಿಯರ್’ ಅನ್ನು ಅಚ್ಚಿಗೆ ಹೋಗುವ ಮೊದಲೇ ಹೊಡೆದುಹಾಕಿ.