ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ, ಎಷ್ಟು ಹೊತ್ತು? ವಿಮಾನದ ದಾರಿ, ಇಂಧನದ ಲೆಕ್ಕ ಹಾಕುವ ಫ್ಲೈಟ್ ಡಿಸ್ಪ್ಯಾಚರ್ ಉತ್ತರಿಸುತ್ತಾರೆ

ಕಾಫಿಪ್ರಿಯ: ಸರ್, ಎಷ್ಟು ಕಿಲೋಮೀಟರ್? ನೇರ ಹೋದರೆ ಎಷ್ಟು ಗಂಟೆ?

ಡಿಸ್ಪ್ಯಾಚರ್: ಸುಮಾರು 14,000 ಕಿ.ಮೀ. ಗಂಟೆಗೆ 900ರ ಲೆಕ್ಕದಲ್ಲಿ ಹದಿನೈದೂವರೆ ಗಂಟೆ, ನೆಲದ ಮೇಲಿನ ಓಡಾಟ ಬೇರೆ. ಟಿಕೆಟ್‌ನಲ್ಲಿರುವ ಅವಧಿ ಗೇಟಿನಿಂದ ಗೇಟಿಗೆ.

ಜಯನಗರ 4ನೇ ಬ್ಲಾಕ್: 2021ರ ಜನವರಿಯಲ್ಲಿ ಏರ್ ಇಂಡಿಯಾ ಉತ್ತರ ಧ್ರುವದ ಕಡೆಯಿಂದ ಬಂತಲ್ಲ, ಸುತ್ತುದಾರಿ ಅಲ್ವಾ?

ಡಿಸ್ಪ್ಯಾಚರ್: ಗೋಡೆ ನಕ್ಷೆ ಬಿಡಿ, ಗ್ಲೋಬ್ ಮೇಲೆ ದಾರ ಎಳೆಯಿರಿ. ಎರಡೂ ಊರು ಹೆಚ್ಚುಕಡಿಮೆ ಭೂಮಿಯ ಎದುರುಬದುರು ಮಗ್ಗುಲಲ್ಲಿವೆ, ಹತ್ತಿರದ ದಾರಿ ಧ್ರುವದ ಪಕ್ಕವೇ ಹಾದುಹೋಗುತ್ತೆ. ಆದರೆ ದಿನಾ ಅದೇ ದಾರಿ ಅಲ್ಲ. ಗಾಳಿ ನೋಡಿ ದಾರಿ ಹಾಕುತ್ತೇವೆ. ಹೋಗುವಾಗ ಪೆಸಿಫಿಕ್ ಮೇಲೆ ಜೆಟ್ ಸ್ಟ್ರೀಮ್ (ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಗಾಳಿ) ಬೆನ್ನಿಗೆ ಸಿಕ್ಕರೆ ದೂರ ಹೆಚ್ಚಾದರೂ ಬೇಗ ತಲುಪುತ್ತೆ. ಸರಾಸರಿ ಗಂಟೆಗೆ 50 ಕಿ.ಮೀ. ಗಾಳಿ ಹಿಂದಿನಿಂದ ಬಂದರೆ ಮುಕ್ಕಾಲು ಗಂಟೆ ಉಳಿತಾಯ, ಎದುರು ಬಂದರೆ ಒಂದು ಗಂಟೆ ಜಾಸ್ತಿ. ಧ್ರುವದ ದಾರಿಗೆ ಇನ್ನೊಂದು ತಲೆನೋವು ಇಂಧನ. ಅಮೆರಿಕದಲ್ಲಿ ತುಂಬುವ ಜೆಟ್ ಎ ಮೈನಸ್ 40 ಡಿಗ್ರಿಗೆ ಹೆಪ್ಪುಗಟ್ಟುತ್ತೆ, ನಮ್ಮಲ್ಲಿಯ ಜೆಟ್ ಎ-1 ಮೈನಸ್ 47ಕ್ಕೆ. ಟ್ಯಾಂಕ್ ತೀರಾ ತಣ್ಣಗಾದರೆ ಕೆಳಗಿಳಿಯಬೇಕು, ಇಲ್ಲವೇ ವೇಗ ಹೆಚ್ಚಿಸಬೇಕು. ಎರಡಕ್ಕೂ ಇಂಧನ ಖರ್ಚು.

ಹುಬ್ಬಳ್ಳಿ ಹುಡುಗ: ಭೂಮಿ ತಿರುಗೂದಕ್ಕ ಹೋಗೂ ಬರೂ ಹೊತ್ತಿನ್ಯಾಗ ವ್ಯತ್ಯಾಸ ಆಗ್ತದಂತ ವಾಟ್ಸ್ಯಾಪ್‌ನ್ಯಾಗ ಬಂದೈತ್ರಿ.

ಡಿಸ್ಪ್ಯಾಚರ್: ಗಾಳಿಯೂ ಭೂಮಿ ಜೊತೆಗೇ ತಿರುಗುತ್ತೆ. ಓಡುವ ಬಸ್ಸೊಳಗಿನ ನೊಣ ಹಿಂದಿನ ಗಾಜಿಗೆ ಬಡಿಯುತ್ತಾ?

ಹುಬ್ಬಳ್ಳಿ ಹುಡುಗ: ಹಂಗಾದ್ರ ಶ್ರೀಹರಿಕೋಟಾದಿಂದ ರಾಕೆಟ್ ಪೂರ್ವಕ್ಕ ಯಾಕ ಬಿಡ್ತಾರ?

ಜಯನಗರ 4ನೇ ಬ್ಲಾಕ್: ರಾಕೆಟ್ ಗಾಳಿ ದಾಟಿ ಕಕ್ಷೆಗೆ ಹೋಗುತ್ತೆ, ಅದಕ್ಕೆ ತಿರುಗುವ ವೇಗ ಲಾಭ. ವಿಮಾನ ಗಾಳಿಯೊಳಗೇ ಇರುತ್ತೆ. ಇಷ್ಟೂ ಗೊತ್ತಿಲ್ವಾ?

ಹುಬ್ಬಳ್ಳಿ ಹುಡುಗ: ಗೊತ್ತಿಲ್ಲಂತನ ಕೇಳೀನಿ. ಶಾಣ್ಯಾತನ ಬ್ಯಾಡ.

ಶಿರಸಿ ಅಕ್ಕ: ಅಮ್ಮ ಒಬ್ಬರೇ ಹೋಗ್ತಾರೆ, ಫ್ರಾಂಕ್‌ಫರ್ಟ್ ಮೇಲೆ. ಸ್ಯಾನ್ ಫ್ರಾನ್ಸಿಸ್ಕೊ 12:30ಕ್ಕೆ, ಅಲ್ಲಿಂದ ಪೋರ್ಟ್‌ಲ್ಯಾಂಡ್‌ಗೆ ಬೇರೆ ಟಿಕೆಟ್, 14:15ಕ್ಕೆ. ಸಾಕಾಗುತ್ತಾ?

ಡಿಸ್ಪ್ಯಾಚರ್: ಸಾಕಾಗಲ್ಲ ಅಕ್ಕ. ಇಮಿಗ್ರೇಷನ್ ಅಲ್ಲೇ, ಬ್ಯಾಗ್ ಅಲ್ಲೇ ಎತ್ತಿಕೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕು. ಎರಡನೇ ಕಂಪನಿಯವರು ಬ್ಯಾಗ್ ಸ್ವೀಕರಿಸೋದು ವಿಮಾನ ಹೊರಡುವ 45 ನಿಮಿಷ ಮೊದಲೇ ನಿಲ್ಲಬಹುದು, ಅಂದರೆ 13:30. ಒಂದು ಗಂಟೆಯಲ್ಲಿ ಇಮಿಗ್ರೇಷನ್ ಸಾಲೇ ಮುಗಿಯದೆ ಇರಬಹುದು. ಪಿಎನ್ಆರ್ ಬೇರೆಯಾದ್ದರಿಂದ ತಪ್ಪಿದರೆ ಎರಡನೇ ಕಂಪನಿಗೆ ಹೊಣೆ ಇಲ್ಲ, ಹೊಸ ಟಿಕೆಟ್ ನೀವೇ ಕೊಳ್ಳಬೇಕು. ಪೋರ್ಟ್‌ಲ್ಯಾಂಡ್‌ವರೆಗೆ ಒಂದೇ ಪಿಎನ್ಆರ್ ಮಾಡಿಸಿ. ಆಗದಿದ್ದರೆ ಕನಿಷ್ಠ ನಾಲ್ಕು ಗಂಟೆ ಅಂತರ. ಇವತ್ತೇ ಬದಲಿಸಿ.

ಕಾಫಿಪ್ರಿಯ: ವೀಲ್‌ಚೇರ್ ಕೇಳಿದ್ರೆ ಹತ್ತೇ ನಿಮಿಷದಲ್ಲಿ ಹೊರಗೆ ಬಿಡ್ತಾರಂತೆ, ಫಾರ್ವರ್ಡ್ ಬಂದಿದೆ.

ಡಿಸ್ಪ್ಯಾಚರ್: ಫಾರ್ವರ್ಡ್ ಕಳಿಸಿದವರು ಬಂದು ತಳ್ಳುತ್ತಾರಾ? ಸಿಬ್ಬಂದಿ ಬರೋವರೆಗೆ ವಿಮಾನದ ಬಾಗಿಲಲ್ಲೇ ಕಾಯಬೇಕು. ನಡೆಯಲಾಗದವರಿಗೆ ಬೇಕೇ ಬೇಕು, ಅದನ್ನು ನಂಬಿ ಟೈಮ್ ಲೆಕ್ಕ ಹಾಕಬೇಡಿ.

ಮಲ್ಲೇಶ್ವರದವರು: ಕಿಟಕಿ ಸೀಟಿನಿಂದ ಧ್ರುವದ ಬೆಳಕು ಕಾಣುತ್ತಾ ಸರ್?

ಹೊಸ ಸದಸ್ಯ: ಬೆಂಗಳೂರಿಂದ ಎಷ್ಟು ಗಂಟೆ ಸರ್?

ಡಿಸ್ಪ್ಯಾಚರ್: ಮೇಲಿದೆ.

ಹೊಸ ಸದಸ್ಯ: ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ ನಾಲ್ಕೂವರೆಗೆ ತಲುಪೋದು ಹೇಗೆ? ಎರಡೂವರೆ ಗಂಟೆನಾ?

ಡಿಸ್ಪ್ಯಾಚರ್: ಚಳಿಗಾಲದಲ್ಲಿ ಅವರು ನಮಗಿಂತ 13:30 ಹಿಂದೆ, ಬೇಸಿಗೆಯಲ್ಲಿ 12:30. 16 ಗಂಟೆ ಕೂಡಿಸಿ, 13:30 ಕಳೆಯಿರಿ.

ಹುಬ್ಬಳ್ಳಿ ಹುಡುಗ: ಅಂದ್ರ ಭೂಮಿ ತಿರುಗೂದಕ್ಕ ಅಲ್ಲೇನ್ರಿ?

ಜಯನಗರ 4ನೇ ಬ್ಲಾಕ್: ಗಡಿಯಾರ ಬೇರೆ, ವೇಗ ಬೇರೆ ಮಾರಾಯ!

ಶಿರಸಿ ಅಕ್ಕ: ಒಂದೇ ಪಿಎನ್ಆರ್ ಆಯ್ತು. ಈಗ ಅಂತರ ಮೂರೂಮುಕ್ಕಾಲು ಗಂಟೆ.

ಡಿಸ್ಪ್ಯಾಚರ್: ಸಾಕು ಅಕ್ಕ.