ಪಾಲ್ ಆವ್ರಿಚ್ ಓದಿದವರು ಯಾರಾದ್ರೂ ಇದ್ದೀರಾ? ಇತಿಹಾಸಕಾರರೋ, ಅನಾರ್ಕಿಸ್ಟರೋ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಮೇ ದಿನದಂದು ನಮ್ಮ ಯೂನಿಯನ್‌ನಲ್ಲಿ ಹದಿನೈದು ನಿಮಿಷ ಮಾತಾಡೋ ಕೆಲಸ ಈ ಸಲ ನನ್ನ ತಲೆಗೆ ಬಂದಿದೆ. ಪ್ರತಿ ವರ್ಷ ಅದೇ ಭಾಷಣ: ಚಿಕಾಗೋ, ಎಂಟು ಗಂಟೆ ಕೆಲಸ, ಹುತಾತ್ಮರು, ಚಪ್ಪಾಳೆ, ಆಮೇಲೆ ಖಾರ-ಟೀ. ಸ್ವಲ್ಪ ಓದಿಕೊಂಡು ಹೋಗೋಣ ಅಂತ ಹುಡುಕಿದರೆ ಎಲ್ಲಿ ನೋಡಿದರೂ ಒಂದೇ ಹೆಸರು, ಪಾಲ್ ಆವ್ರಿಚ್. ಚಿಕಾಗೋದ ಹೇಮಾರ್ಕೆಟ್ ಬಾಂಬ್ ಪ್ರಕರಣದ ಮೇಲೂ ಇವರದೇ ಪುಸ್ತಕ, ರಷ್ಯಾದ ಕ್ರೋನ್‌ಸ್ಟಾಟ್ ದಂಗೆಯ ಮೇಲೂ ಇವರದೇ, ಅಮೆರಿಕದಲ್ಲಿ ಮರಣದಂಡನೆಯಾದ ಇಬ್ಬರು ಇಟಾಲಿಯನ್ ಅನಾರ್ಕಿಸ್ಟರ, ಸಾಕೋ-ವಾನ್‌ಜೆಟ್ಟಿಯರ, ಕೇಸಿನ ಮೇಲೂ ಇವರದೇ. ಅಮೆರಿಕದ ಪ್ರೊಫೆಸರ್, 2006ರಲ್ಲಿ ತೀರಿಕೊಂಡರು ಅನ್ನೋದು ಬಿಟ್ಟರೆ ಜಾಸ್ತಿ ಗೊತ್ತಾಗಲಿಲ್ಲ.

ಇವರು ಅನಾರ್ಕಿಸ್ಟರ (ಅರಾಜಕತಾವಾದಿಗಳ) ಬಗ್ಗೆ ಬರೆದ ಇತಿಹಾಸಕಾರರೋ, ತಾವೇ ಅನಾರ್ಕಿಸ್ಟೋ? ತಮ್ಮವರ ಕತೆ ತಾವೇ ಬರೆದದ್ದಾದರೆ ಎಷ್ಟು ನಂಬಬೇಕು? ಯಾವ ಪುಸ್ತಕದಿಂದ ಶುರು ಮಾಡಲಿ? ಇನ್ನೊಂದು ಪೇಚು ಇದೆ. ನಮ್ಮ ಪೇಪರ್‌ಗಳಲ್ಲಿ 'ಅರಾಜಕತೆ' ಅಂದರೆ ಬಸ್ಸಿಗೆ ಕಲ್ಲು, ಟೈರಿಗೆ ಬೆಂಕಿ. ಮೇ ದಿನದ ಹುತಾತ್ಮರೇ ಅರಾಜಕತಾವಾದಿಗಳು ಅಂತ ಮೈಕಿನಲ್ಲಿ ಹೇಳಿದರೆ ನಮ್ಮ ಜನ ಏನು ತಿಳ್ಕೋತಾರೋ!

ನಿವೃತ್ತ ಮೇಷ್ಟ್ರು:
ಮೊದಲು ಆ ಪದದ ವಿಷಯ. ಅ-ರಾಜಕ ಅಂದರೆ ರಾಜನಿಲ್ಲದ್ದು, ಅಷ್ಟೇ. ಗ್ರೀಕ್ ಮೂಲದ್ದೂ ಅದೇ ಅರ್ಥ, ಮೇಲೆ ಕೂತು ಆಳುವವರಿಲ್ಲ ಅಂತ. ಗಲಾಟೆಗೆಲ್ಲ ಅದನ್ನೇ ಬಳಸಿ ಪದ ಕೆಟ್ಟುಹೋಗಿದೆ. ಭಾಷಣದ ಶುರುವಿನಲ್ಲೇ ಇದನ್ನು ಹೇಳಿ ಮುಗಿಸಿಬಿಡಿ.

ಆವ್ರಿಚ್ ಹುಟ್ಟಿದ್ದು 1931ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಒಡೆಸ್ಸಾ ಮೂಲದ ಯಹೂದಿ ಮನೆತನ. ಕಾರ್ನೆಲ್‌ನಲ್ಲಿ ಡಿಗ್ರಿ, ಕೊರಿಯಾ ಯುದ್ಧದ ಹೊತ್ತಿಗೆ ವಾಯುಪಡೆ, ಆಮೇಲೆ ಕೊಲಂಬಿಯಾದಲ್ಲಿ ಪಿಎಚ್‌ಡಿ. ವಿಷಯ, ರಷ್ಯಾದ ಕ್ರಾಂತಿಯಲ್ಲಿ ಕಾರ್ಖಾನೆ ಸಮಿತಿಗಳು. ಕ್ರುಶ್ಚೇವ್ ಕಾಲದಲ್ಲಿ ಬಾಗಿಲು ಒಂದಿಷ್ಟು ತೆರೆದಾಗ ಸೋವಿಯತ್ ದೇಶಕ್ಕೇ ಹೋಗಿ ಕಾಗದಪತ್ರ ನೋಡಿ ಬಂದರು. ಜೀವನವಿಡೀ ಪಾಠ ಮಾಡಿದ್ದು ನ್ಯೂಯಾರ್ಕಿನ ಕ್ವೀನ್ಸ್ ಕಾಲೇಜಿನಲ್ಲಿ. 1967ರಲ್ಲಿ ರಷ್ಯಾದ ಅನಾರ್ಕಿಸ್ಟರ ಮೇಲೆ ಪುಸ್ತಕ ಬಂತು, 1970ರಲ್ಲಿ ಕ್ರೋನ್‌ಸ್ಟಾಟ್. ಆಮೇಲೆ ನಿಧಾನವಾಗಿ ಅಮೆರಿಕದ ಕಡೆ ತಿರುಗಿದರು.

ನನಗೆ ಎಲ್ಲಕ್ಕಿಂತ ಇಷ್ಟ 1995ರ 'ಅನಾರ್ಕಿಸ್ಟ್ ವಾಯ್ಸಸ್'. ಮೂವತ್ತು ವರ್ಷ ಈ ಮನುಷ್ಯ ಮುದುಕ-ಮುದುಕಿಯರ ಮನೆ ಹುಡುಕಿಕೊಂಡು ಹೋಗಿ ಕೂತು ಕೇಳಿದ್ದಾರೆ. ದರ್ಜಿಗಳು, ಪ್ರಿಂಟಿಂಗ್ ಪ್ರೆಸ್ಸಿನವರು, ಅನಾರ್ಕಿಸ್ಟರೇ ನಡೆಸುತ್ತಿದ್ದ ಶಾಲೆಯಲ್ಲಿ ಓದಿದ ಮಕ್ಕಳು, ಹೀಗೆ 180 ಜನರ ಮಾತು ಅದರಲ್ಲಿದೆ. ಒಂದೊಂದು ಮಾತಿನ ಮೇಲೂ ಊರು, ತಾರೀಖು. ಅನಾರ್ಕಿಸ್ಟರ ಹೆಸರಾಂತ ಭಾಷಣಗಾರ್ತಿ ಎಮ್ಮಾ ಗೋಲ್ಡ್‌ಮನ್ ಬಗ್ಗೆ ಒಬ್ಬರು ತಾಯಿಯ ಹಾಗೆ ಅಂದರೆ ಇನ್ನೊಬ್ಬರು ಬಲು ದರ್ಪದವಳು ಅಂತಾರೆ. ಎರಡನ್ನೂ ಹಾಗೇ ಅಕ್ಕಪಕ್ಕ ಬಿಟ್ಟಿದ್ದಾರೆ, ರಾಜಿ ಮಾಡಿಸೋಕೆ ಹೋಗಿಲ್ಲ.

ಒಲವು ಇತ್ತಾ ಅಂದರೆ, ಇತ್ತು. ಮನೆಯ ಬೆಕ್ಕುಗಳಿಗೆ ರಷ್ಯಾದ ದೊಡ್ಡ ಅನಾರ್ಕಿಸ್ಟರಾದ ಬಕೂನಿನ್, ಕ್ರೊಪೊಟ್ಕಿನ್ ಹೆಸರಿಟ್ಟವರು! ಅದನ್ನೇನೂ ಮುಚ್ಚಿಡಲಿಲ್ಲ.

ಮಿಡ್‌ವೆಸ್ಟ್ ಕನ್ನಡಿಗ:
ತುಂಗಾತೀರ ಅವರೇ, ನಿಮಗೆ ಬೇಕಾಗಿರೋದು 1984ರ 'ದಿ ಹೇಮಾರ್ಕೆಟ್ ಟ್ರ್ಯಾಜೆಡಿ'. ದಪ್ಪ ಪುಸ್ತಕ, ಹೆದರಬೇಡಿ, ಕಾದಂಬರಿ ಥರ ಓಡುತ್ತೆ.

ಇದನ್ನು ಓದೋವರೆಗೂ ನನ್ನ ತಲೆಯಲ್ಲಿ ಹೇಮಾರ್ಕೆಟ್ ಅಂದರೆ ಸಾವಿರಾರು ಜನರ ಸಾಗರ. ಅಸಲಿಗೆ ಆಗಿದ್ದೇ ಬೇರೆ. 1886ರ ಮೇ 4ರ ರಾತ್ರಿ ಚಿಕಾಗೋದ ಹೇಮಾರ್ಕೆಟ್ ಚೌಕದ ಹತ್ತಿರ ಅನಾರ್ಕಿಸ್ಟರು ಕರೆದಿದ್ದ ಕಾರ್ಮಿಕರ ಸಭೆಗೆ ನಿರೀಕ್ಷಿಸಿದಷ್ಟು ಜನ ಬಂದಿರಲಿಲ್ಲ. ವೇದಿಕೆ ಅಂದರೆ ಬೀದಿ ಬದಿ ನಿಂತಿದ್ದ ಒಂದು ಗಾಡಿ. ಮೇಯರ್ ಕಾರ್ಟರ್ ಹ್ಯಾರಿಸನ್ ತಾನೇ ಬಂದು ಗುಂಪಿನಲ್ಲಿ ನಿಂತಿದ್ದ. ತಾನು ಬಂದಿರೋದು ಎಲ್ಲರಿಗೂ ಕಾಣಲಿ ಅಂತ ಕಡ್ಡಿ ಗೀರಿ ಗೀರಿ ಸಿಗಾರ್ ಹಚ್ಚುತ್ತಿದ್ದನಂತೆ! ಏನೂ ಅಪಾಯವಿಲ್ಲ ಅಂತ ಪೊಲೀಸರಿಗೆ ಹೇಳಿ ಮನೆಗೆ ಹೊರಟ. ಆಮೇಲೆ ಮೋಡ ಕವಿದು ಮಳೆ ಹನಿ ಶುರುವಾಯಿತು, ಜನ ಇನ್ನೂ ಕರಗಿದರು. ಉಳಿದವರು ಕೆಲವು ನೂರು. ಕೊನೆಯ ಭಾಷಣ ಇನ್ನೇನು ಮುಗೀಬೇಕು, ಆಗ ಪೊಲೀಸ್ ದಂಡು ಬಂತು. ಬಾಂಬ್ ಬಿತ್ತು. ಏಳು ಜನ ಪೊಲೀಸರು ಸತ್ತರು, ಜನರ ಕಡೆ ಸತ್ತವರ ಲೆಕ್ಕ ಇವತ್ತಿಗೂ ಸರಿಯಾಗಿಲ್ಲ.

ಎಂಟು ಜನ ಅನಾರ್ಕಿಸ್ಟರ ಮೇಲೆ ಕೇಸು. ಬಾಂಬ್ ಬಿದ್ದಾಗ ಅವರಲ್ಲಿ ಅಲ್ಲೇ ಇದ್ದವರು ಇಬ್ಬರು, ಸ್ಪೀಸ್ ಮತ್ತು ಫೀಲ್ಡನ್. ಪಾರ್ಸನ್ಸ್ ಅನ್ನೋವನು ತಪ್ಪಿಸಿಕೊಂಡು ವಿಸ್ಕಾನ್ಸಿನ್‌ನಲ್ಲಿದ್ದ, ಯಾರ ಕೈಗೂ ಸಿಕ್ಕಿರಲಿಲ್ಲ. ವಿಚಾರಣೆ ಶುರುವಾದ ದಿನ ತಾನಾಗಿ ಕೋರ್ಟಿಗೆ ನಡೆದು ಬಂದು ಗೆಳೆಯರ ಪಕ್ಕ ಕೂತ. 1887ರ ನವೆಂಬರ್ 11ರಂದು ನಾಲ್ವರನ್ನು ಗಲ್ಲಿಗೆ ಹಾಕಿದರು, ಅವನೂ ಒಬ್ಬ. ಇನ್ನೊಬ್ಬ ಹಿಂದಿನ ದಿನವೇ ಜೈಲಿನಲ್ಲಿ ಪ್ರಾಣ ಕಳಕೊಂಡಿದ್ದ. ಉಳಿದ ಮೂವರನ್ನು 1893ರಲ್ಲಿ ಗವರ್ನರ್ ಆಲ್ಟ್‌ಗೆಲ್ಡ್ ಬಿಡುಗಡೆ ಮಾಡಿದ, ವಿಚಾರಣೆಯೇ ಸರಿಯಿರಲಿಲ್ಲ ಅಂತ ಬರೆದು.

ಬಾಂಬ್ ಎಸೆದವನು ಯಾರು ಅಂತ ಕೋರ್ಟಿಗೆ ಗೊತ್ತಾಗಲೇ ಇಲ್ಲ. ಮಜಾ ಕೇಳಿ, ಆವ್ರಿಚ್ ಪುಸ್ತಕದಲ್ಲಿ ಒಬ್ಬನ ಮೇಲೆ ಗುಮಾನಿ ಪಟ್ಟು ಬರೆದರು. ಪುಸ್ತಕ ಬಂದ ಮೇಲೆ ಒಬ್ಬ ಮಹಿಳೆ ಕಾಗದ ಬರೆದು, ಎಸೆದದ್ದು ನಮ್ಮಜ್ಜ ಅಂತ ಮನೆಯಲ್ಲಿ ಹೇಳುತ್ತಿದ್ದರು ಅಂದರು. ಇವರು ಅದನ್ನು ಬೆನ್ನುಹತ್ತಿ, ನನ್ನ ಮೊದಲ ಊಹೆಗಿಂತ ಇದೇ ಸರಿ ಇರಬಹುದು ಅಂತ ಮತ್ತೆ ಬರೆದರು. ಅಚ್ಚಾದ ಪುಸ್ತಕಕ್ಕೆ ತಾವೇ ತಿದ್ದುಪಡಿ ಹಾಕೋ ಪ್ರೊಫೆಸರ್‌ಗಳು ಎಷ್ಟು ಜನ ಇದ್ದಾರೆ ಹೇಳಿ.

ಒಂದು ಭಾನುವಾರ ಬ್ಲೂ ಲೈನ್ ರೈಲು ಹಿಡಿದು ಗಲ್ಲಿಗೇರಿದವರನ್ನು ಹೂತಿರೋ ಫಾರೆಸ್ಟ್ ಪಾರ್ಕ್‌ನ ಸ್ಮಶಾನಕ್ಕೆ ಹೋಗಿದ್ದೆ. ಅವರ ಸ್ಮಾರಕದಲ್ಲಿ ಕಂಚಿನ ಹೆಂಗಸು, ಕಾಲ ಬುಡದಲ್ಲಿ ಬಿದ್ದಿರೋ ಕಾರ್ಮಿಕನ ತಲೆಗೆ ಎಲೆಯ ಕಿರೀಟ ಇಡ್ತಿದ್ದಾಳೆ. ಹತ್ತಿರದಲ್ಲೇ ಎಮ್ಮಾ ಗೋಲ್ಡ್‌ಮನ್ ಸಮಾಧಿ. ಯಾರೋ ಕಲ್ಲಿನ ಮೇಲೆ ಎರಡು ಚಿಲ್ಲರೆ ಕಾಸು, ಒಂದು ಬೀಡಿಯಷ್ಟು ಸಣ್ಣ ಪೆನ್ಸಿಲ್ ಇಟ್ಟು ಹೋಗಿದ್ದರು. ಸುಮ್ನೆ ಸ್ವಲ್ಪ ಹೊತ್ತು ಕೂತು ಬಂದೆ.

ಕೆಂಪು ಶಾಯಿ:
ಎಲ್ಲರೂ ಹೊಗಳ್ತಿದ್ದೀರಿ, ನನ್ನದೊಂದು ತಕರಾರು ಇರಲಿ. ಆವ್ರಿಚ್ ಬರೆದದ್ದು ಓದಿದರೆ ಅನಾರ್ಕಿಸ್ಟರೆಲ್ಲ ಹೂವಿನಂಥ ಮನಸ್ಸಿನ ಅಜ್ಜ-ಅಜ್ಜಿಯರು ಅನ್ನಿಸಿಬಿಡುತ್ತೆ. ಐವತ್ತು ವರ್ಷ ಆದಮೇಲೆ ಮುದುಕರು ಹೇಳೋ ನೆನಪಿನಲ್ಲಿ ಎಷ್ಟು ನಿಜ, ಎಷ್ಟು ಒಗ್ಗರಣೆ? ಜೊತೆಗೆ ಕ್ರೋನ್‌ಸ್ಟಾಟ್ ಹೆಸರು ಎತ್ತಿದರೆ ಸಾಕು, ಅದನ್ನೇ ಹಿಡಿದು ಲೆನಿನ್‌ಗೆ ಬೈಯೋರೇ ಜಾಸ್ತಿ. ಪ್ರೀತಿಸಿದವರ ಬಗ್ಗೆ ಇತಿಹಾಸ ಬರೆಯೋದು ಅಂದರೆ ಮಗಳ ಮದುವೆಗೆ ಅಪ್ಪನೇ ಫೋಟೋಗ್ರಾಫರ್ ಆದ ಹಾಗೆ.

ನಿವೃತ್ತ ಮೇಷ್ಟ್ರು:
ಶಾಯಿಯವರೇ, ನೆನಪಿನ ಬಗ್ಗೆ ನೀವು ಹೇಳಿದ್ದನ್ನು ಒಪ್ಪಿದೆ. ಕ್ರೋನ್‌ಸ್ಟಾಟ್ ಬಗ್ಗೆ ಮಾತ್ರ ಒಪ್ಪಲ್ಲ. ಪುಸ್ತಕ ಒಂದು ಸಲ ತೆರೆದು ನೋಡಿ.

1921ರ ಮಾರ್ಚ್. ಪೆಟ್ರೋಗ್ರಾಡಿನ ಹತ್ತಿರದ ದ್ವೀಪ. ಕ್ರಾಂತಿಗೆ ಹೆಗಲು ಕೊಟ್ಟ ಅದೇ ನೆಲೆಯ ನಾವಿಕರು ಸೋವಿಯತ್‌ಗಳಿಗೆ (ಕಾರ್ಮಿಕರ, ಸೈನಿಕರ ಮಂಡಳಿಗಳಿಗೆ) ಗುಪ್ತ ಮತದಾನದಲ್ಲಿ ಹೊಸ ಚುನಾವಣೆ ಮಾಡಿ, ಜೈಲಿನಲ್ಲಿರೋ ಸಮಾಜವಾದಿಗಳನ್ನು ಬಿಡಿ ಅಂತ 15 ಬೇಡಿಕೆ ಇಟ್ಟರು. ಸಮುದ್ರ ಹೆಪ್ಪುಗಟ್ಟಿತ್ತು. ಮಂಜು ಕರಗೋದರೊಳಗೆ ಮುಗಿಸಬೇಕು ಅಂತ ಅದರ ಮೇಲೆ ಸೈನ್ಯ ನಡೆಸಿ ದಂಗೆ ಅಡಗಿಸಿದರು. ಸುಮಾರು 8,000 ಜನ ಅದೇ ಮಂಜಿನ ಮೇಲೆ ಫಿನ್ಲೆಂಡಿಗೆ ಓಡಿದರು.

ಇದೆಲ್ಲ ವಿದೇಶಕ್ಕೆ ಓಡಿಹೋದ 'ಬಿಳಿಯರ', ಅಂದರೆ ಕ್ರಾಂತಿ ವಿರೋಧಿ ರಷ್ಯನ್ನರ ಪಿತೂರಿ ಅಂತ ಸೋವಿಯತ್ ಸರ್ಕಾರ ಹೇಳುತ್ತಿತ್ತು. ಆವ್ರಿಚ್ ಕೈಗೆ ಕೊಲಂಬಿಯಾದ ದಾಖಲೆಗಳಲ್ಲಿ ಸಿಕ್ಕಿದ್ದು ಒಂದು ಗುಪ್ತ ಟಿಪ್ಪಣಿ: ದೇಶಭ್ರಷ್ಟರ ಗುಂಪೊಂದು ಕ್ರೋನ್‌ಸ್ಟಾಟ್‌ನಲ್ಲಿ ದಂಗೆ ಎಬ್ಬಿಸೋ ಬಗ್ಗೆ ಮೊದಲೇ ಹಾಕಿದ್ದ ಲೆಕ್ಕಾಚಾರ. ನಾವಿಕರನ್ನು ಪ್ರೀತಿಸೋನಿಗೆ ಇದಕ್ಕಿಂತ ಇರುಸುಮುರುಸಿನ ಕಾಗದ ಬೇಕಾ? ಅಡಗಿಸಿಡಬಹುದಿತ್ತು. ಪುಸ್ತಕದ ಹಿಂದೆ ಅನುಬಂಧವಾಗಿ ಪೂರ್ತಿ ಅಚ್ಚು ಹಾಕಿದರು. ಆಮೇಲೆ ತೂಗಿ ನೋಡಿ, ಆ ಲೆಕ್ಕಾಚಾರಕ್ಕೂ ನಾವಿಕರು ಎದ್ದದ್ದಕ್ಕೂ ನಂಟಿತ್ತು ಅನ್ನೋಕೆ ಪುರಾವೆ ಇಲ್ಲ, ದಂಗೆ ತಾನಾಗಿ ಹುಟ್ಟಿದ್ದು ಅಂದರು. ಅಷ್ಟಕ್ಕೇ ನಿಲ್ಲಲಿಲ್ಲ. ನಾವಿಕರ ಮೇಲೆ ಸಹಾನುಭೂತಿ ಇಟ್ಟುಕೊಂಡೂ ಬೊಲ್ಷೆವಿಕರು (ಲೆನಿನ್ ಪಕ್ಷದವರು) ಅವರನ್ನು ಅಡಗಿಸಿದ್ದಕ್ಕೆ ಸಮರ್ಥನೆ ಇತ್ತು ಅಂತ ಇತಿಹಾಸಕಾರ ಒಪ್ಪಬಹುದು ಅಂತ ಬರೆದರು. ಈ ಮಾತಿಗೆ ಅನಾರ್ಕಿಸ್ಟರಿಗೇ ಸಿಟ್ಟು ಬರುತ್ತೆ. ನನಗೂ ಅದು ಪೂರ್ತಿ ಗಂಟಲಿಗಿಳಿದಿಲ್ಲ.

ಹೂವಿನ ಮನಸ್ಸು ಅಂದಿರಲ್ಲ, ಸಾಕೋ-ವಾನ್‌ಜೆಟ್ಟಿ ಪುಸ್ತಕ (1991) ಓದಿ. ಪಾಪದ ಚಪ್ಪಲಿ ಹೊಲಿಯುವವ, ಪಾಪದ ಮೀನು ಮಾರುವವ ಅಂತ ಜಗತ್ತು ಕಣ್ಣೀರು ಹಾಕಿದ ಇಬ್ಬರೂ ಬಾಂಬಿನ ದಾರಿ ಒಪ್ಪಿದ್ದ ಇಟಾಲಿಯನ್ ಅನಾರ್ಕಿಸ್ಟ್ ಗಲ್ಲಿಯಾನಿಯ ಬಳಗದವರು ಅಂತ ವಿವರವಾಗಿ ತೋರಿಸಿದ್ದು ಇವರೇ. 1927ರಲ್ಲಿ ಅವರಿಗೆ ಮರಣದಂಡನೆ ತಂದ ದರೋಡೆ ಕೇಸಿನಲ್ಲಿ ಅವರು ತಪ್ಪಿತಸ್ಥರೋ ಅಲ್ಲವೋ ಅಂತ ತೀರ್ಪು ಕೊಡೋಕೆ ಮಾತ್ರ ಆವ್ರಿಚ್ ಹೋಗಲಿಲ್ಲ.

ಕೆಂಪು ಶಾಯಿ:
ಆ ಅನುಬಂಧದ ವಿಷಯ ಗೊತ್ತಿರಲಿಲ್ಲ ಮೇಷ್ಟ್ರೇ. ಫೋಟೋಗ್ರಾಫರ್ ಅಪ್ಪನ ಮಾತು ಅರ್ಧ ವಾಪಸ್. ಅರ್ಧ ಇರಲಿ.

ಮಿಡ್‌ವೆಸ್ಟ್ ಕನ್ನಡಿಗ:
ಒಂದು ಬಿಟ್ಟೆ. ಅವರು ಕೂಡಿಟ್ಟಿದ್ದ ಕರಪತ್ರ, ಪತ್ರಿಕೆ, ಫೋಟೋ ಎಲ್ಲ ಸೇರಿ ಸುಮಾರು 20,000 ವಸ್ತುಗಳನ್ನು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟರು. ಸರ್ಕಾರವೇ ಬೇಡ ಅಂದವರ ಕಾಗದಗಳೆಲ್ಲ ಈಗ ಸರ್ಕಾರದ ಕಪಾಟಿನಲ್ಲಿ! ಕೊನೆಗಾಲದಲ್ಲಿ ಆಲ್‌ಝೈಮರ್ ಬಂತು. ಅಷ್ಟು ಜನರ ನೆನಪು ಕೂಡಿಟ್ಟ ಮನುಷ್ಯನಿಗೆ. ಎಮ್ಮಾ ಗೋಲ್ಡ್‌ಮನ್ ಮತ್ತು ಆಕೆಯ ಸಂಗಾತಿ ಬರ್ಕ್‌ಮನ್ ಬಗ್ಗೆ ಬರೆಯುತ್ತಿದ್ದ ಪುಸ್ತಕವನ್ನು ಮಗಳು ಕ್ಯಾರೆನ್ ಮುಗಿಸಿ 2012ರಲ್ಲಿ ತಂದರು.

ತುಂಗಾತೀರ:
ಎಲ್ಲರಿಗೂ ಥ್ಯಾಂಕ್ಸ್. ಮೇಯರ್ ಸಿಗಾರಿನಿಂದ ಶುರು ಮಾಡ್ತೀನಿ, ಪಾರ್ಸನ್ಸ್ ಕೋರ್ಟಿಗೆ ನಡೆದು ಬಂದಲ್ಲಿಗೆ ನಿಲ್ಲಿಸ್ತೀನಿ. ಕ್ರೋನ್‌ಸ್ಟಾಟ್ ಹದಿನೈದು ನಿಮಿಷಕ್ಕೆ ಹಿಡಿಸಲ್ಲ, ಅಲ್ಲದೆ ನಮ್ಮ ಅಧ್ಯಕ್ಷರ ಮುಖ ನೆನೆಸಿಕೊಂಡರೆ ಧೈರ್ಯವೂ ಸಾಲದು.

ನಿವೃತ್ತ ಮೇಷ್ಟ್ರು:
ಮದ್ರಾಸಿನ ಸಿಂಗಾರವೇಲರನ್ನು ಬಿಡಬೇಡಿ. ನಮ್ಮ ದೇಶದಲ್ಲಿ ಮೊದಲ ಮೇ ದಿನ ಮಾಡಿದ್ದು ಅವರು, 1923ರಲ್ಲಿ, ಅಲ್ಲಿನ ಕಡಲ ದಂಡೆಯಲ್ಲಿ. ಹೇಮಾರ್ಕೆಟ್ ಪುಸ್ತಕ ನನ್ನ ಹತ್ತಿರ ಇದೆ, ಅಡ್ರೆಸ್ ಮೆಸೇಜ್ ಮಾಡಿ, ಕಳಿಸ್ತೀನಿ. ಪೆನ್ಸಿಲ್ ಗೀಟುಗಳಿವೆ, ಅಳಿಸಬೇಡಿ.