ಸಹಾಯ ಬೇಕು: ಪ್ಯಾಂಡಾಕ್ ಸೆಟ್ಟಿಂಗ್ಸ್ ಎಲ್ಲ ಒಂದೇ ಕಡೆ ಇಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಪುಣೆಯ ನಮ್ಮ ಕನ್ನಡ ಬಳಗದ ರಾಜ್ಯೋತ್ಸವ ಸಂಚಿಕೆಯನ್ನು ಪ್ಯಾಂಡಾಕ್‌ನಲ್ಲಿ (ಬರಹದ ಫೈಲುಗಳನ್ನು ಬೇರೆ ರೂಪಕ್ಕೆ ಬದಲಿಸುವ ತಂತ್ರಾಂಶ) ಪಿಡಿಎಫ್ ಮಾಡುತ್ತಿದ್ದೇನೆ. ಪಿಡಿಎಫ್ ತಯಾರಿಸುವ ಎಂಜಿನ್ ಝೀಲೇಟೆಕ್ (XeLaTeX), ಫಾಂಟ್ ನೋಟೋ ಸೆರಿಫ್ ಕನ್ನಡ. ತೊಂದರೆ ಏನೆಂದರೆ, ಲೇಖಕರಿಂದ ಬಂದ ಫೈಲುಗಳ ತಲೆಯಲ್ಲೇ ಅವರವರ ಯಾಮಲ್ (YAML, ಸೆಟ್ಟಿಂಗ್ ಬರೆಯುವ ಸರಳ ಪಠ್ಯರೂಪ) ಸೆಟ್ಟಿಂಗ್ ಇದೆ. ಎಲ್ಲ ಸೇರಿಸಿದಾಗ ಕೊನೆಗೆ ಬಂದ ಸೆಟ್ಟಿಂಗೇ ಉಳಿಯುತ್ತದೆ. ಮರಾಠಿ ಲೇಖನದ 'ಮೇನ್‌ಫಾಂಟ್' (ಮುಖ್ಯ ಫಾಂಟ್) ಇಡೀ ಸಂಚಿಕೆಗೆ ಹತ್ತಿ, ಕನ್ನಡ ಪುಟಗಳಲ್ಲೆಲ್ಲ ಬರೀ ಚೌಕಗಳು! ಹಿರಿಯರ ಕವಿತೆಗಳು ಹೀಗಾಗಿರುವುದನ್ನು ನೋಡಲಾಗುತ್ತಿಲ್ಲ.

ಎಂಜಿನ್, ಕಾಗದದ ಅಳತೆ, ಅಂಚು ಎಲ್ಲ ಒಂದು ಡಿಫಾಲ್ಟ್ಸ್ ಫೈಲಿಗೆ (ಪ್ಯಾಂಡಾಕ್‌ಗೆ ಕೊಡುವ ಆಯ್ಕೆಗಳನ್ನೆಲ್ಲ ಬರೆದಿಡುವ ಫೈಲ್) ಹಾಕುವುದೇ ಸರಿ ಅನ್ನಿಸುತ್ತದೆ. ಅದರಲ್ಲಿ 'ವೇರಿಯಬಲ್ಸ್' ಎಂಬ ಭಾಗದ ಕೆಳಗೆ ಕೊಟ್ಟ ಫಾಂಟ್ ಲೇಖನದೊಳಗಿನದನ್ನು ಮೀರುತ್ತದೆ; ಮೆಟಾಡೇಟಾ ಫೈಲ್‌ನಲ್ಲಿ (ಶೀರ್ಷಿಕೆ, ಲೇಖಕರಂಥ ವಿವರಗಳ ಬೇರೆ ಫೈಲ್) ಕೊಟ್ಟರೆ ಲೇಖನದ್ದೇ ಮೇಲುಗೈ. ಆದರೆ ಮರಾಠಿ ಭಾಗಕ್ಕೆ ಮಾತ್ರ ದೇವನಾಗರಿ ಫಾಂಟ್ ಬರಬೇಕಲ್ಲ, ಅದನ್ನು ಎಲ್ಲಿ, ಹೇಗೆ ಬರೆಯಬೇಕು? ಎರಡು ಲಿಪಿಯ ಪುಸ್ತಕ ಮಾಡಿದವರು ತಮ್ಮ ಡಿಫಾಲ್ಟ್ಸ್ ಫೈಲ್ ಇಲ್ಲಿ ಹಾಕಿದರೆ ದೊಡ್ಡ ಉಪಕಾರ.